ಕೈಟೋಸಾನ್ ನ್ಯಾನೋ ಕಣಗಳನ್ನು ದೂರದಿಂದಲೇ ಓಡಿಸೋದು ನಿಜಾನಾ? ನನ್ನವು ಅರ್ಧ ಮಾತು ಮಾತ್ರ ಕೇಳುತ್ತವೆ

ಅರೆಬೆಂದ_ಪ್ರಯೋಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೈಕೋಬೇಡಿ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೈಟೋಸಾನ್ ನ್ಯಾನೋ ಕಣ ಮಾಡುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಏಡಿ, ಸಿಗಡಿ ಚಿಪ್ಪಿನಲ್ಲಿರುವ ಕೈಟಿನ್ ಅನ್ನು ಗಟ್ಟಿ ಕ್ಷಾರದಲ್ಲಿ ಕಾಯಿಸಿದರೆ ಸಿಗುವ ಪಾಲಿಮರ್ ಇದು. ಮೊದಲು ಎರಡು ಬಗೆಯ ಕಬ್ಬಿಣದ ಲವಣ 1:2 ಲೆಕ್ಕದಲ್ಲಿ ಬೆರೆಸಿ, ಅಮೋನಿಯಾ ಹಾಕಿ, ಸುಮಾರು 10 ನ್ಯಾನೋಮೀಟರಿನ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಒಲಿಯುವ ಕಬ್ಬಿಣದ ಆಕ್ಸೈಡ್) ಮಾಡಿಕೊಂಡೆ. ಅದನ್ನು ಕೈಟೋಸಾನ್ ದ್ರಾವಣದಲ್ಲಿ ಕಲಸಿ, ಸರಪಳಿಗಳನ್ನು ಬೆಸೆಯುವ ಟ್ರೈಪಾಲಿಫಾಸ್ಫೇಟ್ ಹನಿಹನಿಯಾಗಿ ಬಿಟ್ಟೆ. ಕಣ ಕಟ್ಟಿಕೊಂಡವು. ಅಳತೆ ಯಂತ್ರ 200 ನ್ಯಾನೋಮೀಟರ್ ಅಂದಿತು. ಇಲ್ಲಿವರೆಗೂ ಎಲ್ಲ ಸಲೀಸು.

ಈಗ ಗೋಳು ಕೇಳಿ. ಪಿಎಚ್ 5ರ (ಸ್ವಲ್ಪ ಆಸಿಡ್) ನೀರಿನಲ್ಲಿ ಕಣ ಇದ್ದಾಗ ಸೀಸೆ ಪಕ್ಕ ನಿಯೋಡಿಮಿಯಂ ಅಯಸ್ಕಾಂತ ಇಟ್ಟೆ. ಅರ್ಧ ಗಂಟೆ ಕಾದರೂ ಏನೂ ಆಗಲಿಲ್ಲ. ಅದೇ ಕಣವನ್ನು ಪಿಎಚ್ 7.4ರಲ್ಲೇ ಹಿಡಿದಿಡುವ ಫಾಸ್ಫೇಟ್ ಬಫರ್‌ಗೆ ಹಾಕಿದೆ. ಒಂದೇ ನಿಮಿಷದಲ್ಲಿ ಎಲ್ಲ ಬಂದು ಗಾಜಿಗೆ ಅಂಟಿಕೊಂಡವು! ಮೈಕ್ರೋಸ್ಕೋಪಿನಲ್ಲೂ ನೋಡಿದೆ. ಅಯಸ್ಕಾಂತ ಎಡಕ್ಕೆ ತಂದರೆ ಎಡಕ್ಕೆ, ಬಲಕ್ಕೆ ತಂದರೆ ಬಲಕ್ಕೆ ಓಡುತ್ತವೆ. ನಮ್ಮ ಗೈಡ್‌ಗೆ ಭಾರಿ ಖುಷಿ. ರಕ್ತದ ಪಿಎಚ್ ಕೂಡ 7.4 ಅಲ್ವಾ, ಅದಕ್ಕೆ.

ಆದರೆ ನಾನು ಹೇಳಿದ ಜಾಗದಲ್ಲಿ ನಿಲ್ಲಿಸೋಕೆ ಆಗುತ್ತಿಲ್ಲ. ಅಯಸ್ಕಾಂತದ ಕಡೆ ಬರುತ್ತವೆ, ಅಷ್ಟೇ. ಪ್ರಾಜೆಕ್ಟ್ ಹೆಸರಲ್ಲಿ "ಚಲನೆಯ ದೂರ ನಿಯಂತ್ರಣ" ಅಂತ ದೊಡ್ಡದಾಗಿ ಬರೆದುಬಿಟ್ಟಿದ್ದೇವೆ. ಇದಕ್ಕೆ ನಿಯಂತ್ರಣ ಅನ್ನಬಹುದಾ? ಮತ್ತೆ, ಆಸಿಡ್‌ನಲ್ಲಿ ಯಾಕೆ ಮುನಿಸು?

ಸುಮ್ನೆ_ಓದುಗ

ರಿಮೋಟ್ ಅಂದಮೇಲೆ ನಿಲ್ಲಿಸೋ ಬಟನ್ ಇರಬೇಕು ಸ್ವಾಮಿ. ನಿಮ್ಮದು ಹಗ್ಗ ಕಟ್ಟಿ ಎಳೆಯೋದು. ಹಗ್ಗ ಕಣ್ಣಿಗೆ ಕಾಣಲ್ಲ ಅನ್ನೋದೊಂದೇ ವ್ಯತ್ಯಾಸ.

ಮೂರನೇ_ಬೆಂಚು

ನಿಮ್ಮ ಮ್ಯಾಗ್ನೆಟೈಟ್ ಕೆಟ್ಟಿರಬೇಕು. ಆಸಿಡ್‌ನಲ್ಲಿ ಕಬ್ಬಿಣ ಕರಗುತ್ತದೆ. ಕೇಸ್ ಕ್ಲೋಸ್.

ಅರೆಬೆಂದ_ಪ್ರಯೋಗ

ಕರಗಿದ್ದರೆ ಬಣ್ಣ ಹೋಗಬೇಕಿತ್ತಲ್ಲ? ಕಪ್ಪು ಕಂದು ಹಾಗೇ ಇದೆ. ಮತ್ತೆ ಅದೇ ಬ್ಯಾಚ್ ಬಫರ್‌ನಲ್ಲಿ ಓಡಿದೆ. ಕೇಸ್ ಮತ್ತೆ ಓಪನ್.

ಸ್ನಿಗ್ಧತೆ_ಶರಣಂ

ನನಗೆ ಅನುಮಾನ ಬರುತ್ತಿರೋದು ಓಡದೆ ಇದ್ದದ್ದರ ಮೇಲೆ ಅಲ್ಲ, ಓಡಿದ್ದರ ಮೇಲೆ. ಲೆಕ್ಕ ಹಾಕಿ ನೋಡೋಣ, ಬೇಜಾರಾದರೆ ಕೊನೆ ಸಾಲಿಗೆ ಹಾರಿ.

200 ನ್ಯಾನೋಮೀಟರ್ ಕಣ. ಅದರ ಗಾತ್ರದಲ್ಲಿ ಮೂರನೇ ಒಂದು ಭಾಗ ಮ್ಯಾಗ್ನೆಟೈಟ್ ಅಂತ ಧಾರಾಳವಾಗಿ ಇಟ್ಟುಕೊಳ್ಳಿ. ಎಳೆಯುವ ಬಲ ಬರೋದು ಕಾಂತಕ್ಷೇತ್ರದಿಂದಲ್ಲ, ಕ್ಷೇತ್ರ ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆ ಅನ್ನೋದರಿಂದ. ಒಳ್ಳೆ ನಿಯೋಡಿಮಿಯಂ ಹತ್ತಿರ ಮೀಟರಿಗೆ 10 ಟೆಸ್ಲಾ ಅನ್ನಿ. ಆಗ ಒಂದು ಕಣದ ಮೇಲೆ ಬೀಳುವ ಬಲ ಸುಮಾರು 6 ಫೆಮ್ಟೋನ್ಯೂಟನ್. ಎದುರಿಗೆ ನೀರಿನ ತಡೆ ಇದೆ, ಸ್ಟೋಕ್ಸ್ ಸೂತ್ರ. ಎರಡನ್ನೂ ಸರಿದೂಗಿಸಿದರೆ ಕಣದ ವೇಗ ಸೆಕೆಂಡಿಗೆ 3 ಮೈಕ್ರೋಮೀಟರ್ ಚಿಲ್ಲರೆ.

ನಿಮ್ಮ ಸೀಸೆ 1 ಸೆಂಟಿಮೀಟರ್ ಅಗಲ ಇದ್ದರೆ ಆಚೆ ಬದಿಯಿಂದ ಈಚೆಗೆ ಬರೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಅಯಸ್ಕಾಂತದಿಂದ ದೂರ ಹೋದಷ್ಟೂ ಎಳೆತ ಕುಸಿಯುತ್ತದೆ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ ಹೊತ್ತು. ಆಸಿಡ್ ಸೀಸೆಯಲ್ಲಿ ಅರ್ಧ ಗಂಟೆಗೆ ಏನೂ ಕಾಣದೆ ಇದ್ದದ್ದು ಸರಿಯಾಗೇ ಇದೆ! ಒಂದು ನಿಮಿಷಕ್ಕೆ ಓಡಿ ಬಂದದ್ದೇ ತಪ್ಪು.

ಬಲ ಗಾತ್ರದ ಜೊತೆ ಬೆಳೆಯುತ್ತದೆ, ಅಂದರೆ ತ್ರಿಜ್ಯದ ಘನ. ತಡೆ ಬರೀ ತ್ರಿಜ್ಯದ ಜೊತೆ ಬೆಳೆಯುತ್ತದೆ. ಹಾಗಾಗಿ ವೇಗ ತ್ರಿಜ್ಯದ ವರ್ಗಕ್ಕೆ ತಕ್ಕಂತೆ. ಒಂದು ನಿಮಿಷದಲ್ಲಿ 1 ಸೆಂಟಿಮೀಟರ್ ದಾಟಬೇಕಾದರೆ ಕಣ ಏಳೆಂಟು ಪಟ್ಟು ದೊಡ್ಡದಿರಬೇಕು. ಕೊನೆ ಸಾಲು: ನಿಮ್ಮ ಬಫರ್‌ನಲ್ಲಿ ಓಡಿದ್ದು ಒಂದೂವರೆ ಮೈಕ್ರೋಮೀಟರ್ ಅಥವಾ ಅದಕ್ಕಿಂತ ದಪ್ಪದ ಗಂಟುಗಳು. ನ್ಯಾನೋ ಕಣ ಅಲ್ಲ.

ಮೂರನೇ_ಬೆಂಚು

ಇಷ್ಟು ಲೆಕ್ಕಕ್ಕೆ ನಾನು ಇಲ್ಲಿಗೆ ಬರಬೇಕಿತ್ತಾ

ಹನಿಹನಿ_ಟೈಟ್ರೇಷನ್

ಸ್ನಿಗ್ಧತೆ ಸರ್ ಲೆಕ್ಕಕ್ಕೆ ರಸಾಯನಶಾಸ್ತ್ರದ ಕಡೆಯಿಂದ ಸಾಕ್ಷಿ ಹೇಳುತ್ತೇನೆ.

ಕೈಟೋಸಾನ್ ಸರಪಳಿ ಉದ್ದಕ್ಕೂ ಅಮೈನ್ ಗುಂಪುಗಳಿವೆ. ಅದರ ಪಿಕೆಎ, ಅಂದರೆ ಅರ್ಧದಷ್ಟು ಗುಂಪು ಪ್ರೋಟಾನ್ ಬಿಟ್ಟುಕೊಡುವ ಪಿಎಚ್, ಸುಮಾರು 6.5. ಪಿಎಚ್ 5ರಲ್ಲಿ ಹೆಚ್ಚಿನವು ಪ್ರೋಟಾನ್ ಹಿಡಿದುಕೊಂಡು ಧನಾತ್ಮಕ ಆಗಿರುತ್ತವೆ. ಎಲ್ಲ ಕಣಕ್ಕೂ ಒಂದೇ ಚಿಹ್ನೆಯ ಚಾರ್ಜ್, ಹಾಗಾಗಿ ಒಂದನ್ನೊಂದು ದೂರ ತಳ್ಳಿಕೊಂಡು ನೀರಿನಲ್ಲಿ ತೇಲಾಡುತ್ತವೆ. 7.4ಕ್ಕೆ ತಂದ ಕೂಡಲೇ ಆ ಚಾರ್ಜ್ ಬಹುಪಾಲು ಹೋಯಿತು. ಸಾಲದ್ದಕ್ಕೆ ಬಫರ್‌ನಲ್ಲಿ ಉಪ್ಪು ಬೇರೆ ಇದೆ. ಉಳಿದ ಚೂರುಪಾರು ಚಾರ್ಜನ್ನೂ ಅದು ಮುಚ್ಚಿಹಾಕುತ್ತದೆ. ಅದರ ಮೇಲೆ ಫಾಸ್ಫೇಟ್. ನೀವು ಕಣ ಕಟ್ಟೋಕೆ ಬಳಸಿದ ಟ್ರೈಪಾಲಿಫಾಸ್ಫೇಟ್‌ನ ಸಂಬಂಧಿಕನೇ ಅದು, ಸರಪಳಿಗಳನ್ನು ಇನ್ನಷ್ಟು ಹತ್ತಿರ ಎಳೆಯುತ್ತದೆ. ಮೂರೂ ಸೇರಿದರೆ ಕಣಗಳು ಗುಂಪು ಕಟ್ಟದೆ ಇನ್ನೇನು ಮಾಡಬೇಕು ಹೇಳಿ?

ಇನ್ನೊಂದು ಪ್ರಶ್ನೆ. 200 ನ್ಯಾನೋಮೀಟರ್ ಅಳತೆ ಯಾವ ದ್ರವದಲ್ಲಿ ತೆಗೆದದ್ದು?

ಅರೆಬೆಂದ_ಪ್ರಯೋಗ

...ಪಿಎಚ್ 5ರಲ್ಲಿ. ಬಫರ್‌ಗೆ ಹಾಕಿದ ಮೇಲೆ ಅಳೆದೇ ಇಲ್ಲ. ಎಲ್ಲಾದರೂ ಬಚ್ಚಿಟ್ಟುಕೊಳ್ಳೋಣ ಅನಿಸ್ತಿದೆ.

ಹನಿಹನಿ_ಟೈಟ್ರೇಷನ್

ಬಚ್ಚಿಟ್ಟುಕೊಳ್ಳೋದು ಬೇಡ. ನಾನೂ ಇದೇ ಹಳ್ಳಕ್ಕೆ ಬಿದ್ದವಳು. ನನ್ನ ಮೊದಲ ವರ್ಷದ ಅರ್ಧ ಡೇಟಾ ಗಂಟುಗಳದ್ದೇ. ಅಯಸ್ಕಾಂತಕ್ಕೆ ಎಷ್ಟು ಚೆನ್ನಾಗಿ ಸ್ಪಂದಿಸುತ್ತದೆ ಅಂತ ಫೋಟೋ ತೆಗೆದು ಗೋಡೆಗೆ ಅಂಟಿಸಿಕೊಂಡಿದ್ದೆ.

ಗಾಜಿನ_ಕಣ್ಣು

ಮೈಕ್ರೋಸ್ಕೋಪಿನಲ್ಲಿ ಕಣ "ಕಂಡವು" ಅಂದಿರಲ್ಲ, ನಾನು ಅಲ್ಲೇ ನಕ್ಕೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನ ಮಿತಿಯೇ 200 ನ್ಯಾನೋಮೀಟರ್ ಆಸುಪಾಸು. ಅದರಲ್ಲೂ ನೀರು ಕುಡಿದು ಉಬ್ಬಿದ ಕೈಟೋಸಾನ್ ನೀರಿಗಿಂತ ಹೆಚ್ಚು ಬೇರೆಯಾಗಿ ಕಾಣುವುದಿಲ್ಲ. ಸಾದಾ ಲೆನ್ಸಿನಲ್ಲಿ ಕಪ್ಪು ಚುಕ್ಕಿಗಳು ಸ್ಪಷ್ಟವಾಗಿ ಓಡಾಡಿದರೆ ಅವು ಗಂಟುಗಳೇ. ಒಂಟಿ ಕಣ ನೋಡಬೇಕಾದರೆ ಡಾರ್ಕ್ ಫೀಲ್ಡ್ ಹಾಕಿ. ಕತ್ತಲ ಹಿನ್ನೆಲೆಯಲ್ಲಿ ನಕ್ಷತ್ರದ ಹಾಗೆ ಮಿಣುಕುತ್ತವೆ, ಮತ್ತೆ ಒಂದು ಕ್ಷಣವೂ ಸುಮ್ಮನೆ ಇರಲ್ಲ.

ಕಾಂತಕ್ಷೇತ್ರ_ಕಾಲಿಗ

ಎಲ್ಲ ಸೇರಿ ಹುಡುಗನನ್ನು ಅಳಿಸಬೇಡಿ. ಸ್ನಿಗ್ಧತೆಯವರ ಲೆಕ್ಕದಲ್ಲಿ ಒಂದು ತೂತಿದೆ.

ಅವರು ಒಂಟಿ ಕಣಕ್ಕೆ ಲೆಕ್ಕ ಹಾಕಿದರು. ಕ್ಷೇತ್ರದಲ್ಲಿ ಪ್ರತಿ ಕಣವೂ ಒಂದು ಪುಟ್ಟ ಅಯಸ್ಕಾಂತ ಆಗುತ್ತದೆ. ಪಕ್ಕದವುಗಳ ಜೊತೆ ತಲೆಗೆ ಬಾಲ ಸೇರಿಸಿ ಸರಪಳಿ ಕಟ್ಟುತ್ತವೆ, ಆ ಸರಪಳಿ ಒಟ್ಟಿಗೆ ಸಾಗುತ್ತದೆ. ಹಾಗಾಗಿ ಲೆಕ್ಕಕ್ಕಿಂತ ಬೇಗ ಬರೋದು ಮೋಸ ಅಲ್ಲ. ಅಯಸ್ಕಾಂತ ತೆಗೆದರೆ, 10 ನ್ಯಾನೋಮೀಟರಿನ ಮ್ಯಾಗ್ನೆಟೈಟ್ ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಆದ್ದರಿಂದ ಕಾಂತತ್ವ ಉಳಿಯಲ್ಲ. ಸರಪಳಿ ಬಿಡಿಸಿಕೊಳ್ಳುತ್ತದೆ.

ಸ್ನಿಗ್ಧತೆ_ಶರಣಂ

ಒಪ್ಪಿದೆ, ಅದನ್ನು ಬಿಟ್ಟಿದ್ದು ನನ್ನ ತಪ್ಪು. ಆದರೆ ಹಾಗಿದ್ದರೆ ಆಸಿಡ್ ಸೀಸೆಯಲ್ಲೂ ಸರಪಳಿ ಕಟ್ಟಬೇಕಿತ್ತಲ್ಲ? ಅದೇ ಕಣ, ಅದೇ ಅಯಸ್ಕಾಂತ. ಬದಲಾಗಿದ್ದು ಪಿಎಚ್ ಮತ್ತು ಉಪ್ಪು ಮಾತ್ರ.

ಕಾಂತಕ್ಷೇತ್ರ_ಕಾಲಿಗ

ಸರಿ ಬಿಡಿ, ಇಲ್ಲಿ ನಿಮ್ಮದೇ ಗೆಲುವು. ಪರೀಕ್ಷೆ ಸುಲಭ ಇದೆ. ಅಯಸ್ಕಾಂತ ತೆಗೆದು ಸೀಸೆ ಮೆಲ್ಲಗೆ ಅಲ್ಲಾಡಿಸಲಿ. ತಾನಾಗೇ ಹರಡಿಕೊಂಡರೆ ಸರಪಳಿ. ಚೂರು ಚೂರಾಗಿ ತೇಲಿದರೆ ಗಂಟು.

ಅರೆಬೆಂದ_ಪ್ರಯೋಗ

ಚೂರು ಚೂರೇ. ಚಹಾದ ಪುಡಿ ತೇಲಿದ ಹಾಗೆ.

ಸುಮ್ನೆ_ಓದುಗ

ತೀರ್ಪು ಬಂತು. ಎಲ್ಲರೂ ಮನೆಗೆ ಹೋಗಿ.

ಬಿಳಿಕೋಟು

ಹೋಗೋದಕ್ಕೆ ಮುಂಚೆ ಮೂಲ ಪ್ರಶ್ನೆಗೆ ಬನ್ನಿ. "ನಿಯಂತ್ರಣ ಅನ್ನಬಹುದಾ?" ಅಂತ ಕೇಳಿದ್ದಾರೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಔಷಧಿಯನ್ನು ಅಯಸ್ಕಾಂತದಿಂದ ಬೇಕಾದ ಕಡೆ ಸೇರಿಸುವ ಆಸೆ ಹಳೆಯದು. 1970ರ ದಶಕದ ಕೊನೆಯಲ್ಲೇ ವಿಡರ್ ಮತ್ತು ಜೊತೆಗಾರರು ಆಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್) ಗುಂಡುಗಳ ಒಳಗೆ ಮ್ಯಾಗ್ನೆಟೈಟ್ ಮತ್ತು ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ತುಂಬಿ ಇಲಿಯ ಬಾಲದಲ್ಲಿ ಹಿಡಿದು ನಿಲ್ಲಿಸಿದ್ದರು. ಆಲ್ಬುಮಿನ್ ಕೂಡ ನೈಸರ್ಗಿಕ ಪಾಲಿಮರ್ರೇ. ಯಾಕೆ ಬಾಲ? ತೆಳ್ಳಗಿದೆ, ಅಯಸ್ಕಾಂತ ಹತ್ತಿರ ಇಡಬಹುದು. 1996ರಲ್ಲಿ ಜರ್ಮನಿಯ ಲ್ಯೂಬೆ ತಂಡ ಮನುಷ್ಯರಲ್ಲಿ ಮೊದಲ ಬಾರಿ ಪ್ರಯತ್ನಿಸಿತು. 14 ಕ್ಯಾನ್ಸರ್ ರೋಗಿಗಳು, ಪಿಷ್ಟದಂಥ ಸಕ್ಕರೆ ಪಾಲಿಮರ್ ಹೊದಿಸಿದ ಕಬ್ಬಿಣದ ಆಕ್ಸೈಡ್ ಕಣ, ಎಪಿರುಬಿಸಿನ್ ಔಷಧಿ. ಕಣಗಳಲ್ಲಿ ಒಂದು ಪಾಲು ಗಡ್ಡೆಗೆ ಸೇರಿತು, ಒಂದು ಪಾಲು ಯಕೃತ್ತಿಗೆ ಹೋಯಿತು.

ಆ ಯಕೃತ್ತೇ ದೊಡ್ಡ ತಲೆನೋವು. ಕಣ ರಕ್ತಕ್ಕೆ ಬಿದ್ದ ಕೂಡಲೇ ಪ್ರೋಟೀನ್‌ಗಳು ಮೈಗೆ ಮೆತ್ತಿಕೊಳ್ಳುತ್ತವೆ. ಯಕೃತ್ತಿನ ಕುಪ್ಫರ್ ಕೋಶಗಳು ಅದನ್ನು ಕಸ ಅಂತ ಗುರುತಿಸಿ ನುಂಗುತ್ತವೆ. ಇದನ್ನೇ ಲಾಭ ಮಾಡಿಕೊಂಡು ಡೆಕ್ಸ್‌ಟ್ರಾನ್ ಹೊದಿಸಿದ ಕಣಗಳನ್ನು ಯಕೃತ್ತಿನ ಎಂಆರ್‌ಐ ಚಿತ್ರಕ್ಕೆ ಬಳಸಿದ್ದೂ ಇದೆ. ಅದು ಜಾಣತನ: ತಾನಾಗೇ ಹೋಗುವ ಕಡೆ ಕಳಿಸಿ, ಕಳಿಸಿದ್ದು ನಾವೇ ಅನ್ನೋದು!

ಮೂರನೇ_ಬೆಂಚು

ಎಂಆರ್‌ಐ ಅಂದಾಗ ನೆನಪಾಯ್ತು. ಅದರಲ್ಲೇ 1.5, 3 ಟೆಸ್ಲಾ ಇದೆಯಲ್ಲ. ರೋಗಿಯನ್ನು ಅದರೊಳಗೆ ಮಲಗಿಸಿ ಕಣ ಓಡಿಸಿದರೆ ಆಯ್ತಪ್ಪ.

ಕಾಂತಕ್ಷೇತ್ರ_ಕಾಲಿಗ

ಇದನ್ನೇ ಮೊದಲಿಂದ ಹೇಳ್ತಿರೋದು. ಎಂಆರ್‌ಐ ಒಳಗೆ ಕ್ಷೇತ್ರ ಜೋರಾಗಿದೆ, ಆದರೆ ಎಲ್ಲ ಕಡೆ ಒಂದೇ ಸಮ. ಸಮತಟ್ಟಾದ ನೆಲದ ಮೇಲೆ ಗೋಲಿ ಇಟ್ಟರೆ ಅದು ಯಾವ ಕಡೆ ಉರುಳಬೇಕು? ಉರುಳಲು ಇಳಿಜಾರು ಬೇಕು. ಎಂಆರ್‌ಐನ ಗ್ರೇಡಿಯಂಟ್ ಕಾಯಿಲ್‌ಗಳು ಕೊಡುವ ಇಳಿಜಾರು ಮೀಟರಿಗೆ ಕೆಲವು ಹತ್ತು ಮಿಲಿಟೆಸ್ಲಾ. ಮೇಲಿನ ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ನೂರಾರು ಪಟ್ಟು ಕಡಿಮೆ.

2007ರಲ್ಲಿ ಮಾಂಟ್ರಿಯಲ್‌ನ ಮಾರ್ಟೆಲ್ ತಂಡ ಆಸ್ಪತ್ರೆಯ ಎಂಆರ್‌ಐ ಬಳಸಿ ಹಂದಿಯ ಕುತ್ತಿಗೆಯ ರಕ್ತನಾಳದಲ್ಲಿ ಒಂದು ಗುಂಡನ್ನು ಓಡಿಸಿ ತೋರಿಸಿತು. ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್! ಆದರೆ ಗುಂಡಿನ ಅಗಲ 1.5 ಮಿಲಿಮೀಟರ್. ನಮ್ಮ ಕಣಕ್ಕಿಂತ 7500 ಪಟ್ಟು ಅಗಲ. ಅದರ ವರ್ಗ ತೆಗೆಯಿರಿ, ಯಾಕೆ ನಮಗೆ ಆಗಲ್ಲ ಅಂತ ತಿಳಿಯುತ್ತದೆ.

ಬಿಳಿಕೋಟು

ಇದಕ್ಕೆ ರಕ್ತದ ಓಟವನ್ನೂ ಸೇರಿಸಿ. ಅತಿ ಸಣ್ಣ ಲೋಮನಾಳದಲ್ಲೂ ರಕ್ತ ಸೆಕೆಂಡಿಗೆ ಅರ್ಧದಿಂದ ಒಂದು ಮಿಲಿಮೀಟರ್ ಹೋಗುತ್ತದೆ. ಕಣದ ಸ್ವಂತ ಓಟ 3 ಮೈಕ್ರೋಮೀಟರ್. ತುಂಬಿದ ಹೊಳೆಗೆ ಎದುರಾಗಿ ಇರುವೆ ಈಜಿದ ಹಾಗೆ. ದಂಡೆ ಪಕ್ಕ ಹೋಗುವಾಗ ದಂಡೆಗೆ ಅಂಟಿಸಬಹುದು, ಅಷ್ಟು ಸಾಧ್ಯ.

ಸ್ನಿಗ್ಧತೆ_ಶರಣಂ

ನಿಲ್ಲಿಸೋ ಬಟನ್ ಯಾಕಿಲ್ಲ ಅನ್ನೋದಕ್ಕೂ ಭೌತಶಾಸ್ತ್ರದಲ್ಲಿ ಉತ್ತರ ಇದೆ. ಅರ್ನ್‌ಶಾ ಪ್ರಮೇಯ, 1842. ಅದರ ಸಾಲಿನದೇ ಒಂದು ಫಲಿತ: ಹೊರಗೆ ಸ್ಥಿರ ಅಯಸ್ಕಾಂತಗಳನ್ನು ಹೇಗೇ ಜೋಡಿಸಿದರೂ, ನಡುವಿನ ಖಾಲಿ ಜಾಗದ ಯಾವುದೋ ಬಿಂದುವಿನಲ್ಲಿ ಕ್ಷೇತ್ರ ಅತಿ ಜೋರಾಗಿ ಇರೋಹಾಗೆ ಮಾಡೋಕೆ ಆಗಲ್ಲ. ಜೋರಿರೋದು ಯಾವಾಗಲೂ ಅಂಚಿನಲ್ಲಿ, ಅಯಸ್ಕಾಂತದ ಕಡೆ. ಹಾಗಾಗಿ ಅಯಸ್ಕಾಂತಕ್ಕೆ ಒಲಿಯುವ ಕಣ ನಡುವೆ ಎಲ್ಲೂ ನಿಲ್ಲದು. ಕಾಯಿಲ್‌ಗಳ ಕರೆಂಟನ್ನು ಕ್ಷಣ ಕ್ಷಣಕ್ಕೂ ಬದಲಿಸುತ್ತ, ಕ್ಯಾಮೆರಾದಲ್ಲಿ ನೋಡಿ ತಿದ್ದುತ್ತ ಹೋದರೆ ಹಿಡಿಯಬಹುದು. ಆದರೆ ಅದಕ್ಕೆ ಕಣ ಕಣ್ಣಿಗೆ ಕಾಣಬೇಕಲ್ಲ!

ಇನ್ನು ಬ್ರೌನಿಯನ್ ಕುಣಿತ. 200 ನ್ಯಾನೋಮೀಟರ್ ಕಣ ನೀರಿನಲ್ಲಿ ಒಂದು ಸೆಕೆಂಡಿಗೆ ಸುಮಾರು 3 ಮೈಕ್ರೋಮೀಟರ್ ತಾನಾಗೇ ಅಲೆಯುತ್ತದೆ. ನಾವು ಎಳೆಯೋದೂ ಅಷ್ಟೇ. ಒಂದು ಸೆಕೆಂಡಿನ ಆಟದಲ್ಲಿ ನಮ್ಮ ಮಾತು ಅದಕ್ಕೆ ಕೇಳಿಸೋದೇ ಇಲ್ಲ. ನೂರು ಸೆಕೆಂಡ್ ಬಿಟ್ಟರೆ ಕಥೆ ಬೇರೆ. ಎಳೆತ ನೂರು ಪಟ್ಟು, 300 ಮೈಕ್ರೋಮೀಟರ್. ಅಲೆದಾಟ ವರ್ಗಮೂಲದಲ್ಲಿ ಬೆಳೆಯುತ್ತದೆ, ಬರೀ 30. ತಾಳ್ಮೆ ಇದ್ದವರಿಗೆ ಗುಂಪು ಒಟ್ಟಾರೆ ಮಾತು ಕೇಳುತ್ತದೆ, ಒಂಟಿ ಕಣ ಕೇಳಲ್ಲ.

ತೇಲುವ_ತರ್ಕ

ಎಲ್ಲರೂ ಅಯಸ್ಕಾಂತಕ್ಕೇ ಯಾಕೆ ಜೋತುಬಿದ್ದಿದ್ದೀರಿ? ವಿದ್ಯುತ್ತಿಗೆ ಕಬ್ಬಿಣ ಬೇಡ. ಆಸಿಡ್‌ನಲ್ಲಿ ಕೈಟೋಸಾನ್ ಋಣ ವಿದ್ಯುದ್ವಾರದ ಕಡೆ ಹೋಗುತ್ತದೆ, ಕಡಲಕಳೆಯ ಆಲ್ಜಿನೇಟ್ ಧನ ವಿದ್ಯುದ್ವಾರದ ಕಡೆ. ತುದಿ ಅದಲು ಬದಲು ಮಾಡಿದರೆ ತಿರುಗಿ ಬರುತ್ತವೆ. ತಿರುಗೋ ಬಟನ್ ಸಿಕ್ತು!

ಹನಿಹನಿ_ಟೈಟ್ರೇಷನ್

ಉಪ್ಪಿಲ್ಲದ ನೀರಿನಲ್ಲಿ ಚೆನ್ನ. ಉಪ್ಪು ಬಿದ್ದರೆ ಕರೆಂಟ್ ಪೂರ್ತಿ ಉಪ್ಪಿನ ಅಯಾನುಗಳ ಮೂಲಕ ಹೋಗುತ್ತದೆ. ದ್ರವ ಬಿಸಿಯಾಗುತ್ತದೆ, ತಂತಿಯಲ್ಲಿ ಗುಳ್ಳೆ ಏಳುತ್ತದೆ. ದೇಹದೊಳಗೆ ಈ ಆಟ ಬೇಡವೇ ಬೇಡ.

ತೇಲುವ_ತರ್ಕ

ಹಾಗಾದರೆ ಬೆಳಕು. ಕಣವನ್ನು ಬೆಳಕಿನಿಂದಲೇ ಹಿಡಿಯುವ ಲೇಸರ್ ಚಿಮ್ಮಟಕ್ಕೆ ಆಷ್ಕಿನ್‌ಗೆ 2018ರಲ್ಲಿ ನೊಬೆಲ್ ಬಂತಲ್ಲ.

ಗಾಜಿನ_ಕಣ್ಣು

ಬೆಳಕು ಹಿಡಿಯೋದು ವಕ್ರೀಭವನದ ವ್ಯತ್ಯಾಸದಿಂದ. ಪ್ಲಾಸ್ಟಿಕ್ ಗುಂಡು ಹಿಡಿಯೋದು ಸಲೀಸು. ನೀರು ತುಂಬಿದ ಮೆತ್ತನೆ ಕೈಟೋಸಾನ್ ಕೈಗೆ ಸಿಕ್ಕಲ್ಲ, ಜಾರುತ್ತದೆ. ಜೊತೆಗೆ ಒಳಗೆ ಮ್ಯಾಗ್ನೆಟೈಟ್ ಇದ್ದರೆ ಅದು ಲೇಸರ್ ಹೀರಿ ಕಾಯುತ್ತದೆ. ನಿಯಂತ್ರಣ ಮಾಡೋಕೆ ಹೋಗಿ ಬೇಯಿಸಿದ ಹಾಗೆ.

ತೇಲುವ_ತರ್ಕ

ಶಬ್ದ?

ಸ್ನಿಗ್ಧತೆ_ಶರಣಂ

ಅಲ್ಟ್ರಾಸೌಂಡ್ ತಳ್ಳುವ ಬಲವೂ ತ್ರಿಜ್ಯದ ಘನಕ್ಕೆ ತಕ್ಕಂತೆ. ಒಂದು ಮೈಕ್ರೋಮೀಟರಿಗಿಂತ ಕೆಳಗೆ ಹೋದರೆ ಕಣವನ್ನು ತಳ್ಳೋದಕ್ಕಿಂತ ನೀರೇ ಸುಳಿ ಎದ್ದು ಕಣವನ್ನು ಹೊತ್ತುಕೊಂಡು ಹೋಗೋದು ಜಾಸ್ತಿ. ನೀವು ಏನೇ ತಂದರೂ ಘನ ಬಂದು ಕೂರುತ್ತದೆ, ಏನು ಮಾಡೋಣ.

ನಾರುಬಟ್ಟೆ

ಕಬ್ಬಿಣವೇ ಇಲ್ಲದೆ ಅಯಸ್ಕಾಂತದ ಮಾತು ಕೇಳುವ ನೈಸರ್ಗಿಕ ಕಣ ಒಂದಿದೆ, ಯಾರೂ ಹೇಳಲಿಲ್ಲ. ಸೆಲ್ಯುಲೋಸ್! ಹತ್ತಿಯನ್ನು 64% ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಇಟ್ಟರೆ ಮೆತ್ತಗಿನ ಭಾಗ ಕರಗಿ ಕಡ್ಡಿಯಂಥ ಸ್ಫಟಿಕ ಉಳಿಯುತ್ತದೆ. ನೂರಿನ್ನೂರು ನ್ಯಾನೋಮೀಟರ್ ಉದ್ದ, ಹತ್ತರ ಆಸುಪಾಸು ದಪ್ಪ. ಕೆಲವು ಟೆಸ್ಲಾ ಕ್ಷೇತ್ರದಲ್ಲಿ ಇವು ಕ್ಷೇತ್ರಕ್ಕೆ ಅಡ್ಡಲಾಗಿ ತಿರುಗಿ ಸಾಲುಗಟ್ಟುತ್ತವೆ. ಕಬ್ಬಿಣ ಉದ್ದುದ್ದ ನಿಂತರೆ ಇದು ಅಡ್ಡಡ್ಡ. ಸೆಲ್ಯುಲೋಸಿನ ಡಯಾಮ್ಯಾಗ್ನೆಟಿಕ್ ಗುಣ (ಕಾಂತಕ್ಷೇತ್ರವನ್ನು ತುಸುವೇ ವಿರೋಧಿಸುವ ಗುಣ) ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇಲ್ಲ, ಅದಕ್ಕೆ.

ಸುಮ್ನೆ_ಓದುಗ

ತಿರುಗುತ್ತದೆ, ಆದರೆ ಹೋಗಲ್ಲ?

ನಾರುಬಟ್ಟೆ

ಹೋಗಲ್ಲ. ಆದರೆ ತಿರುಗಿಸೋದೂ ಚಲನೆಯೇ ತಾನೇ. ಎಲ್ಲರೂ ಎಳೆಯೋದರ ಹಿಂದೆ ಬಿದ್ದಿದ್ದಾರೆ. ಸಮ ಕ್ಷೇತ್ರ ಎಳೆಯಲ್ಲ, ತಿರುಗಿಸುತ್ತದೆ. ತಿರುಗಿಸೋಕೆ ಇಳಿಜಾರು ಬೇಡ, ಹಾಗಾಗಿ ದೇಹದ ಆಳದಲ್ಲೂ ತಿರುಗಿಸಬಹುದು.

ಕಾಂತಕ್ಷೇತ್ರ_ಕಾಲಿಗ

ಈ ಎಳೆಯಲ್ಲಿ ಬಂದ ಅತಿ ಒಳ್ಳೆ ಮಾತು. ಸುರುಳಿ ಆಕಾರದ ಕಣವನ್ನು ತಿರುಗುವ ಕ್ಷೇತ್ರದಲ್ಲಿ ಇಟ್ಟರೆ ಸ್ಕ್ರೂ ಹಾಗೆ ಕೊರೆದುಕೊಂಡು ಮುಂದೆ ಹೋಗುತ್ತದೆ, ಕ್ಷೇತ್ರ ಉಲ್ಟಾ ತಿರುಗಿಸಿದರೆ ಹಿಂದೆ ಬರುತ್ತದೆ. ಗುಂಡು ಕಣಕ್ಕೆ ಆ ಭಾಗ್ಯ ಇಲ್ಲ, ಗೋಡೆ ಪಕ್ಕ ಉರುಳಬಹುದು ಅಷ್ಟೆ. ಸುಮ್ನೆ ಹಿಂದೆ ಮುಂದೆ ಬಾಲ ಬಡಿದರೂ ಪ್ರಯೋಜನ ಇಲ್ಲ. ಈ ಅಳತೆಯಲ್ಲಿ ನೀರು ಜೇನಿನ ಹಾಗೆ ಗಟ್ಟಿ. ಮುಂದೆ ಬಡಿದು ಗಳಿಸಿದ್ದನ್ನು ಹಿಂದೆ ಬಡಿದು ಕಳೆದುಕೊಳ್ಳುತ್ತೀರಿ. ಭೌತವಿಜ್ಞಾನಿ ಪರ್ಸೆಲ್ 1977ರಲ್ಲೇ ಇದನ್ನು ಹೇಳಿದ್ದಾರೆ.

ಮೂರನೇ_ಬೆಂಚು

ನನ್ನ ಡಿಗ್ರಿ ಥರ.

ಅದಿರಲಿ, ಒಂದು ಗಂಭೀರ ಪ್ರಶ್ನೆ. ನೈಸರ್ಗಿಕ ಪಾಲಿಮರ್ ಅಂದಮೇಲೆ ದೇಹಕ್ಕೆ ಏನೂ ಆಗಲ್ಲ ತಾನೇ?

ಬಿಳಿಕೋಟು

ಹಾವಿನ ವಿಷವೂ ನೈಸರ್ಗಿಕವೇ. ಕೈಟೋಸಾನ್ ಲೈಸೋಜೈಮ್ ಕಿಣ್ವದಿಂದ ನಿಧಾನವಾಗಿ ಒಡೆಯುತ್ತದೆ, ಅದು ಒಳ್ಳೆಯದು. ಆದರೆ ಧನ ಚಾರ್ಜ್ ಜಾಸ್ತಿ ಇದ್ದರೆ ಕೆಂಪು ರಕ್ತಕಣದ ಪೊರೆಗೆ ಅಂಟಿ ತೊಂದರೆ ಕೊಡಬಹುದು. ಗಾಯದ ರಕ್ತ ನಿಲ್ಲಿಸುವ ಬ್ಯಾಂಡೇಜಿನಲ್ಲಿ ಅದೇ ಗುಣ ವರ. ಚಿಪ್ಪು ಸರಿಯಾಗಿ ಶುದ್ಧ ಮಾಡದಿದ್ದರೆ ಅದರ ಪ್ರೋಟೀನ್ ಉಳಿದುಕೊಂಡಿರುತ್ತದೆ, ಅಲರ್ಜಿ ಇರುವವರಿಗೆ ಅದೂ ಚಿಂತೆ.

ಅರೆಬೆಂದ_ಪ್ರಯೋಗ

ಇಷ್ಟೆಲ್ಲ ಓದಿ ತಲೆ ಗಿರ್ ಅಂತಿದೆ. ಈಗ ನಾನು ಏನು ಮಾಡಲಿ ಅಷ್ಟು ಹೇಳಿ. 7.4ರಲ್ಲಿ ಗಂಟಾಗದ ಹಾಗೆ ಮಾಡೋಕೆ ಆಗುತ್ತದಾ?

ಹನಿಹನಿ_ಟೈಟ್ರೇಷನ್

ಆಗುತ್ತದೆ. ಕಾರ್ಬಾಕ್ಸಿಮೀಥೈಲ್ ಕೈಟೋಸಾನ್ ಬಳಸಿದರೆ 7.4ರಲ್ಲಿ ಋಣ ಚಾರ್ಜ್ ಸಿಗುತ್ತದೆ. ಟ್ರೈಮೀಥೈಲ್ ಕೈಟೋಸಾನ್‌ಗೆ ಪಿಎಚ್ ಏನೇ ಇದ್ದರೂ ಧನ ಚಾರ್ಜ್ ಹೋಗಲ್ಲ. ಎರಡೂ ಸಿಗದಿದ್ದರೆ ಈಗಿರುವ ಕಣದ ಮೇಲೆ ಆಲ್ಜಿನೇಟ್ ಪದರ ಹೊದಿಸಿ ನೋಡಿ. ತೆಳು ಆಲ್ಜಿನೇಟ್ ದ್ರಾವಣಕ್ಕೆ ಕಣವನ್ನು ನಿಧಾನವಾಗಿ ಬಿಡಿ. ಉಲ್ಟಾ ಮಾಡಿದರೆ, ಅಂದರೆ ಕಣದ ಸೀಸೆಗೆ ಆಲ್ಜಿನೇಟ್ ಸುರಿದರೆ, ಮತ್ತೆ ಗಂಟೇ ಗತಿ. ಪ್ರತಿ ಹಂತದಲ್ಲೂ ಗಾತ್ರ, ಝೀಟಾ ಪೊಟೆನ್ಶಿಯಲ್ (ಕಣದ ಮೇಲ್ಮೈ ಚಾರ್ಜಿನ ಸೂಚಕ) ಎರಡೂ ಅಳೆಯಿರಿ, ಯಾವ ದ್ರವದಲ್ಲಿ ಓಡಿಸುತ್ತೀರೋ ಅದೇ ದ್ರವದಲ್ಲಿ.

ಮ್ಯಾಗ್ನೆಟೈಟ್ ಹಾಕದ ಖಾಲಿ ಕಣವನ್ನೂ ಮಾಡಿ ಪಕ್ಕದಲ್ಲಿಡಿ. ಅದೂ ಓಡಿದರೆ ನೀವು ನೋಡುತ್ತಿರೋದು ನೀರಿನ ಹರಿವು. ಸ್ಲೈಡಿನ ಹನಿ ಒಣಗುವಾಗ ಕಣ ಅಂಚಿಗೆ ಓಡುವುದನ್ನು ಅಯಸ್ಕಾಂತದ ಪವಾಡ ಅಂದುಕೊಂಡವರು ಬಹಳ ಜನ.

ಕಾಂತಕ್ಷೇತ್ರ_ಕಾಲಿಗ

ಪ್ರಾಜೆಕ್ಟ್ ಹೆಸರಲ್ಲಿ "ನಿಯಂತ್ರಣ" ತೆಗೆದು "ಕಾಂತೀಯ ಸಂಗ್ರಹ" ಅಂತ ಹಾಕಿ. ಯಾರೂ ಜಗಳಕ್ಕೆ ಬರಲ್ಲ.

ಸುಮ್ನೆ_ಓದುಗ

ಸಂಗ್ರಹ ಅಂದರೆ ಯಾರೂ ಓದೋಕೂ ಬರಲ್ಲ.

ಅರೆಬೆಂದ_ಪ್ರಯೋಗ

ಮೂರು ದಿನದ ಮೇಲೆ ಬಂದೆ. ಗೈಡ್‌ಗೆ ಲೆಕ್ಕ ತೋರಿಸಿದೆ. ಹತ್ತು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ "ಬಫರ್‌ನಲ್ಲಿ ಗಾತ್ರ ಅಳೆದು ಬಾ" ಅಂದರು. ಅಳೆದೆ. ಯಂತ್ರ ಮೊದಲ ಸಲ 1800 ಅಂದಿತು, ಎರಡನೇ ಸಲ 2600, ಮೂರನೇ ಸಲ ಗುಣಮಟ್ಟ ಸರಿ ಇಲ್ಲ ಅಂತ ಅಳೆಯೋದನ್ನೇ ಬಿಟ್ಟಿತು. ಸ್ನಿಗ್ಧತೆ ಸರ್, ನಿಮ್ಮ ಒಂದೂವರೆ ಮೈಕ್ರೋಮೀಟರಿಗೆ ನಮಸ್ಕಾರ.

ಆಲ್ಜಿನೇಟ್ ಪದರ ಹಾಕಿದ್ದೇನೆ. ಬಫರ್‌ನಲ್ಲಿ 260 ನ್ಯಾನೋಮೀಟರ್, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಹತ್ತಕ್ಕೆ ಅಯಸ್ಕಾಂತ ಇಟ್ಟೆ. ಈಗ ಹನ್ನೆರಡೂವರೆ. ಅಯಸ್ಕಾಂತದ ಎದುರು ಗಾಜಿನ ಮೇಲೆ ಕಂದು ಕಲೆ ಶುರುವಾಗಿದೆ, ಉಳಿದ ಸೀಸೆ ಇನ್ನೂ ಮಬ್ಬು. ಪಕ್ಕದ ಖಾಲಿ ಕಣದ ಸೀಸೆಯಲ್ಲಿ ಏನೂ ಇಲ್ಲ. ಇಷ್ಟು ನಿಧಾನವಾಗಿ ಆಗ್ತಿರೋದಕ್ಕೆ ಖುಷಿಪಡೋ ದಿನ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಹನಿಹನಿ_ಟೈಟ್ರೇಷನ್

ಫೋಟೋ ತೆಗೆಯಿರಿ. ಗೋಡೆಗೆ ಮಾತ್ರ ಈಗಲೇ ಬೇಡ, ನಾಳೆ ಬೆಳಿಗ್ಗೆ ಅಯಸ್ಕಾಂತ ತೆಗೆದು ಅಲ್ಲಾಡಿಸಿ ನೋಡಿದ ಮೇಲೆ.

ಮೂರನೇ_ಬೆಂಚು

ಚೂರು ತೇಲಿದರೆ ಇಲ್ಲಿ ಹೇಳಬೇಡಿ, ಸ್ನಿಗ್ಧತೆಯವರು ಮತ್ತೆ ಲೆಕ್ಕ ಹಾಕ್ತಾರೆ.